ಸೋಲಾರ್ ಪ್ಲಾಂಟ್‌ನಲ್ಲಿ ಮೇನ್ ಆಫ್ ಮಾಡಿದರೆ ಸಾಲದು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು ಕಡೆ ಐಟಿಐ ಮುಗಿಸಿದ ಹುಡುಗರು ಈಗ ಸೋಲಾರ್ ಪ್ಲಾಂಟ್‌ಗಳ ಕಡೆ ಕೆಲಸ ಹುಡುಕುತ್ತಾರೆ. ಜಿಲ್ಲೆಯ ಗಡಿ ದಾಟಿದರೆ ಪಾವಗಡದ ಸೋಲಾರ್ ಪಾರ್ಕ್, ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್. ನಮ್ಮ ಜಿಲ್ಲೆಯಲ್ಲೂ ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಪ್ಯಾನಲ್ ಸಾಲುಗಳು ಎದ್ದಿವೆ. ಈ ಹುಡುಗರಿಗೆ ಮನೆ ವೈರಿಂಗ್ ಗೊತ್ತು, ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಬಿಚ್ಚಿ ಕಟ್ಟುವುದು ಗೊತ್ತು. ಕೆಲಸ ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮೇನ್ ಆಫ್ ಮಾಡಿದರೆ, ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಸ್ವಿಚ್ ಎಳೆದರೆ ಲೈನ್ ಸತ್ತಿತು ಎಂದು ಅವರ ಕೈಗೆ ಅಭ್ಯಾಸವಾಗಿಬಿಟ್ಟಿದೆ. ಇಲ್ಲಿ ಜೀವ ತೆಗೆಯುವುದು ಆ ಅಭ್ಯಾಸವೇ.

ಬಿಸಿಲು ಇರುವವರೆಗೆ ಪ್ಯಾನಲ್ ವೋಲ್ಟೇಜ್ ಕೊಡುತ್ತಲೇ ಇರುತ್ತದೆ. ಪ್ಯಾನಲ್‌ನ ಡಿಸಿಯನ್ನು (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಮನೆಗೆ ಬರುವಂಥ ಎಸಿಗೆ ತಿರುಗಿಸುವ ಇನ್ವರ್ಟರ್ ನಿಲ್ಲಿಸಿದರೆ ಕರೆಂಟ್ ಹರಿಯುವುದು ನಿಲ್ಲುತ್ತದೆ, ವೋಲ್ಟೇಜ್ ನಿಲ್ಲುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಪ್ಯಾನಲ್‌ಗೆ 49.5 ವೋಲ್ಟ್ ಇದೆ ಎಂದುಕೊಳ್ಳಿ. ಅಂಥ 28 ಪ್ಯಾನಲ್ ಸೇರಿಸಿ ಒಂದು ಸ್ಟ್ರಿಂಗ್ ಮಾಡಿದರೆ 1,386 ವೋಲ್ಟ್. ಅದೂ ಡಿಸಿ. ಚಳಿಗೆ ವೋಲ್ಟೇಜ್ ಇನ್ನೂ ಏರುತ್ತದೆ. ಪ್ಯಾನಲ್‌ನ ಹಿಂದಿನ ಲೇಬಲ್‌ನಲ್ಲಿರುವ ವೋಲ್ಟೇಜ್ 25 ಡಿಗ್ರಿಗೆ ಬರೆದದ್ದು. ಡಿಸೆಂಬರ್ ಬೆಳಗ್ಗೆ ಪ್ಯಾನಲ್ 13 ಡಿಗ್ರಿಯಲ್ಲಿದ್ದರೆ ಅದೇ ಸ್ಟ್ರಿಂಗ್ 1,430ರ ಹತ್ತಿರ ಹೋಗುತ್ತದೆ. ಯಾರೋ ಡ್ರಾಯಿಂಗ್ ನೋಡದೆ ಇನ್ನೆರಡು ಪ್ಯಾನಲ್ ಸೇರಿಸಿದ್ದರೆ 1,530. ಕೇಬಲ್, ಕನೆಕ್ಟರ್, ಇನ್ವರ್ಟರ್ ಎಲ್ಲದರ ಮಿತಿ 1,500.

ಹಾಗಾಗಿ ಲೈನ್ ಟೆಸ್ಟರ್ ಅನ್ನು ಮನೆಯಲ್ಲೇ ಬಿಟ್ಟು ಬನ್ನಿ. 230 ವೋಲ್ಟ್ ಎಸಿಗೆ ಮಾಡಿದ ಟೆಸ್ಟರ್ ಇಲ್ಲಿ ಸರಿಯಾಗಿ ಏನನ್ನೂ ತೋರಿಸುವುದಿಲ್ಲ, ಕೈಗೆ ಶಾಕ್ ಕೊಟ್ಟರೂ ಕೊಟ್ಟೀತು. 1,500 ವೋಲ್ಟ್ ಡಿಸಿ ರೇಟಿಂಗ್ ಇರುವ ಮೀಟರ್ ಮತ್ತು ಅದೇ ರೇಟಿಂಗ್‌ನ ಪ್ರೋಬ್ ಬೇಕು. ತಂತಿ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಕೂಡ ಡಿಸಿ ಅಳೆಯುವಂಥದ್ದೇ ಆಗಬೇಕು. ಬರೀ ಎಸಿ ಕ್ಲಾಂಪ್ ಹಾಕಿದರೆ ಕರೆಂಟ್ ಹರಿಯುತ್ತಿದ್ದರೂ ಸೊನ್ನೆ ತೋರಿಸುತ್ತದೆ. ಆ ಸೊನ್ನೆಯನ್ನು ನಂಬಿ ಕೈ ಹಾಕಿದವನ ಗತಿ ಏನು?

ಇನ್ನು ಕಿಡಿಯ ವಿಷಯ. ನಮ್ಮ 50 ಹರ್ಟ್ಸ್ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ ತೆಗೆದಾಗ ಏಳುವ ಕಿಡಿಗೆ ಆರಿಹೋಗಲು ಪ್ರತಿ ಸಲವೂ ಅವಕಾಶ. ಡಿಸಿಯಲ್ಲಿ ಆ ಸೊನ್ನೆ ಇಲ್ಲ. ಲೋಡ್ ಇರುವಾಗ ಫ್ಯೂಸ್ ಹೋಲ್ಡರ್ ಎಳೆದರೆ, ಕನೆಕ್ಟರ್ ಬಿಚ್ಚಿದರೆ, ಕಿಡಿ ಎಳೆ ಹಿಡಿದು ಉರಿಯುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಕರಗುತ್ತದೆ, ಕೈ ಮುಖ ಸುಡುತ್ತದೆ. ಅದಕ್ಕೇ ಕ್ರಮ ತಪ್ಪಬಾರದು. ಮೊದಲು ಇನ್ವರ್ಟರ್ ನಿಲ್ಲಿಸಿ. ಆಮೇಲೆ ಹಲವು ಸ್ಟ್ರಿಂಗ್‌ಗಳು ಬಂದು ಸೇರುವ ಕಾಂಬೈನರ್ ಬಾಕ್ಸಿನ ಐಸೊಲೇಟರ್ (ಲೈನ್ ಬೇರ್ಪಡಿಸುವ ಸ್ವಿಚ್) ಆಫ್ ಮಾಡಿ, ಬೀಗ ಹಾಕಿ, ಟ್ಯಾಗ್ ಕಟ್ಟಿ. ಬೀಗದ ಕೀ ನಿಮ್ಮ ಜೇಬಿನಲ್ಲೇ ಇರಲಿ. ಅಲ್ಲಿಗೂ ಮುಗಿಯಲಿಲ್ಲ. ಪ್ರತಿ ಸ್ಟ್ರಿಂಗ್‌ಗೂ ಕ್ಲಾಂಪ್ ಹಾಕಿ ನೋಡಿ. ಐಸೊಲೇಟರ್ ಆಫ್ ಆಗಿದ್ದರೂ ಬಾಕ್ಸಿನ ಒಳಗೆ ಎಲ್ಲ ಸ್ಟ್ರಿಂಗ್‌ಗಳೂ ಒಂದೇ ಬಸ್‌ಬಾರ್‌ಗೆ (ದಪ್ಪ ಲೋಹದ ಪಟ್ಟಿಗೆ) ಸೇರಿರುತ್ತವೆ. ಒಂದರ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಉಳಿದವೆಲ್ಲ ಅದರೊಳಕ್ಕೆ ಕರೆಂಟ್ ನುಗ್ಗಿಸುತ್ತಿರುತ್ತವೆ. ಅಂಥದ್ದು ಕಂಡರೆ ಮುಟ್ಟಬೇಡಿ, ಸುತ್ತ ಯಾರನ್ನೂ ಬಿಡಬೇಡಿ, ಹೊತ್ತು ಮುಳುಗುವವರೆಗೆ ಕಾಯಿರಿ. ಸೂಪರ್‌ವೈಸರ್ ಅವಸರ ಮಾಡಿದರೂ ಕಾಯಿರಿ.

ಪ್ಲಾಂಟ್ ಕೆಟ್ಟರೆ ಜನ ಪ್ಯಾನಲ್ ಮೇಲೆ ಅನುಮಾನ ಪಡುತ್ತಾರೆ. ನಾನು ಕಂಡಂತೆ ತೊಂದರೆ ಜಾಸ್ತಿ ಹುಟ್ಟುವುದು ನಾವು ಕೈಯಾರೆ ಮಾಡಿದ ಜಾಯಿಂಟ್‌ಗಳಲ್ಲಿ. 540 ವಾಟ್‌ನ ಪ್ಯಾನಲ್ ಆದರೆ 20 ಮೆಗಾವಾಟ್‌ಗೆ ಸುಮಾರು 37,000 ಪ್ಯಾನಲ್, ಅಂದರೆ 1,300ಕ್ಕೂ ಹೆಚ್ಚು ಸ್ಟ್ರಿಂಗ್. ಪ್ರತಿಯೊಂದರ ಎರಡು ತುದಿಗೂ ಸೈಟ್‌ನಲ್ಲೇ ಕೂತು ಕನೆಕ್ಟರ್ ಹಾಕಬೇಕು. ಸೋಲಾರ್ ಕೇಬಲ್ ಜೋಡಿಸುವ ಈ ಎಂಸಿ4 ಕನೆಕ್ಟರ್ ಹಾಕುವಾಗ ಕೇಬಲ್ ಸಿಪ್ಪೆಯನ್ನು ಬ್ಲೇಡಿನಲ್ಲಿ ಕೆತ್ತಬಾರದು, ಸ್ಟ್ರಿಪ್ಪರ್‌ನಲ್ಲೇ ತೆಗೆಯಬೇಕು. ಒಂದು ಎಳೆ ತಂತಿ ತುಂಡಾದರೂ ಆ ತುದಿ ಕತ್ತರಿಸಿ ಮತ್ತೆ ಮಾಡಿ. ಪಿನ್ ಒತ್ತಲು ಕಟಿಂಗ್ ಪ್ಲೇಯರ್ ಬೇಡ, ಅದರದೇ ಕ್ರಿಂಪಿಂಗ್ ಟೂಲ್ ಬೇಕು. ಒತ್ತಿದ ಮೇಲೆ ಎಳೆದು ನೋಡಿ. ಕವಚದೊಳಗೆ ತಳ್ಳಿದಾಗ ಟಕ್ ಎಂದು ಸದ್ದು ಬರಬೇಕು. ಹಿಂದಿನ ನಟ್ಟನ್ನು ಅದರ ಸ್ಪ್ಯಾನರ್‌ನಲ್ಲೇ ಬಿಗಿ ಮಾಡಿ. ಒಂದು ಕಂಪನಿಯ ಗಂಡು ಕನೆಕ್ಟರ್‌ಗೆ ಇನ್ನೊಂದು ಕಂಪನಿಯ ಹೆಣ್ಣು ಕನೆಕ್ಟರ್ ಕೂರುತ್ತದೆ ಅಂತ ಸುಮ್ನೆ ಸೇರಿಸಬೇಡಿ. ಕೂತಂತೆ ಕಂಡರೂ ಒಳಗೆ ಸರಿಯಾಗಿ ತಾಗಿರುವುದಿಲ್ಲ, ಬಿಸಿಯಾಗುತ್ತದೆ, ಒಂದು ದಿನ ಹೊತ್ತಿಕೊಳ್ಳುತ್ತದೆ. ಸ್ಟ್ರಿಂಗ್ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಈ ಕೆಲಸವನ್ನೇ ಓಡಿಸಿ ಮಾಡಿಸುತ್ತಾರೆ. 25 ವರ್ಷ ಬಿಸಿಲಲ್ಲಿ ನಿಲ್ಲಬೇಕಾದ ಜಾಯಿಂಟ್‌ಗೆ ಎರಡು ನಿಮಿಷ ಹೆಚ್ಚು ಕೊಡದಿರುವುದು ತಪ್ಪು ಅಂತ ನಾನು ಮುಖಕ್ಕೇ ಹೇಳುತ್ತೇನೆ.

ನಮ್ಮ ದುರ್ಗದ ಸೀಮೆಗೆ ಇನ್ನೊಂದು ಕಾಟ ಗಾಳಿ. ಜೋಗಿಮಟ್ಟಿ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿಯೇ ಪ್ಯಾನಲ್ ಕೆಳಗೆ ಜೋತಾಡುವ ಕೇಬಲ್ಲನ್ನು ಕಬ್ಬಿಣದ ಅಂಚಿಗೆ ಉಜ್ಜುತ್ತದೆ. ಸಾದಾ ಪ್ಲಾಸ್ಟಿಕ್ ಟೈ ಬಿಸಿಲಿಗೆ ಒಣಗಿ ಬೇಗ ಮುರಿಯುತ್ತದೆ. ಬಿಸಿಲು ತಡೆಯುವ ಟೈ ಅಥವಾ ಸ್ಟೀಲ್ ಟೈ ಹಾಕಬೇಕು. ಸಿಪ್ಪೆ ಸವೆದ ಮೇಲೆ ಆಗುವ ಫಾಲ್ಟ್ ಬಹಳ ಸತಾಯಿಸುತ್ತದೆ. ಬೆಳಗ್ಗೆ ಇಬ್ಬನಿ ಇರುವಾಗ ಇನ್ವರ್ಟರ್ ಇನ್ಸುಲೇಷನ್ ಫಾಲ್ಟ್ ತೋರಿಸಿ ಸ್ಟಾರ್ಟ್ ಆಗುವುದಿಲ್ಲ. ಬಿಸಿಲೇರಿ ನೀರಾರಿದ ಮೇಲೆ ತಾನಾಗಿ ಸರಿಯಾಗುತ್ತದೆ. ಮಧ್ಯಾಹ್ನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ಹೋದರೆ ಏನೂ ಸಿಗುವುದಿಲ್ಲ. ಎಲ್ಲ ಸರಿ ಇದೆ ಅಂತ ಬರೆದು ಬಂದುಬಿಡುತ್ತಾರೆ, ಅಲ್ವಾ? ಹುಡುಕಬೇಕಾದ್ದು ಇಬ್ಬನಿ ಆರುವ ಮೊದಲು. ಸ್ಟ್ರಿಂಗ್‌ಗಳನ್ನು ಬೇರೆ ಮಾಡಿ, ಒಂದೊಂದಕ್ಕೇ 1,500 ವೋಲ್ಟ್ ಮೆಗ್ಗರ್ ಕೊಟ್ಟು ನೋಡಿ. 1 ಮೆಗಾಓಮ್‌ಗಿಂತ ಕಡಿಮೆ ಬಂದ ಸ್ಟ್ರಿಂಗ್ ಹಿಡಿದು ಕೇಬಲ್ ಗುಂಟ ನಡೆಯಿರಿ.

ಇಲ್ಲಿನ ಬಂಡೆ ನೆಲದಲ್ಲಿ ಅರ್ತಿಂಗ್ ಸುಲಭಕ್ಕೆ ಬರುವುದಿಲ್ಲ, ಬೇಸಿಗೆಯಲ್ಲಿ ಅಳೆದು ನೋಡಬೇಕು. 33 ಕೆವಿ (33,000 ವೋಲ್ಟ್) ಕಡೆಯ ಕೆಲಸ ಬೇರೆಯೇ. ವರ್ಕ್ ಪರ್ಮಿಟ್ ಇಲ್ಲದೆ ಆ ಗೇಟಿನೊಳಗೆ ಕಾಲಿಡಬೇಡಿ.

ಬರೀ ಐಟಿಐ ಸರ್ಟಿಫಿಕೇಟ್ ಇಟ್ಟುಕೊಂಡು ಹೆಲ್ಪರ್ ಆಗಿಯೇ ಉಳಿಯಬೇಡಿ. ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳಿ, ಮುಂದೆ ಸೂಪರ್‌ವೈಸರ್ ಪರ್ಮಿಟ್‌ಗೂ ನೋಡಿ. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಸೂರ್ಯಮಿತ್ರ ತರಬೇತಿ ಪಡೆದವರಿಗೆ ಡಿಸಿ ಕೆಲಸದ ಬುನಾದಿ ಸಿಕ್ಕಿರುತ್ತದೆ. ಕೆಲಸಕ್ಕೆ ಸೇರುವ ದಿನ ಸಂಬಳದ ಜೊತೆ ಗ್ಲೌಸ್ ಬಗ್ಗೆಯೂ ಕೇಳಿ. ಅದರ ಮೇಲೆ ಕ್ಲಾಸ್ 0 ಎಂದು ಇರಬೇಕು, ಅದು 1,500 ವೋಲ್ಟ್ ಡಿಸಿವರೆಗೆ. ಕ್ಲಾಸ್ 00 ಕೊಟ್ಟರೆ ತೆಗೆದುಕೊಳ್ಳಬೇಡಿ, ಅದು 750ಕ್ಕೇ ಮುಗಿಯಿತು. ದಿನಾ ಬೆಳಗ್ಗೆ ಹಾಕಿಕೊಳ್ಳುವ ಮೊದಲು ಗ್ಲೌಸಿನಲ್ಲಿ ಗಾಳಿ ತುಂಬಿ, ಬಾಯಿ ಸುತ್ತಿ ಹಿಡಿದು, ಕೆನ್ನೆಯ ಹತ್ತಿರ ತಂದು ಒತ್ತಿ ನೋಡಿ. ಎಲ್ಲಾದರೂ ಗಾಳಿ ಸೋರಿದರೆ ಆ ಗ್ಲೌಸನ್ನು ಕತ್ತರಿಸಿ ಎಸೆದುಬಿಡಿ, ಇನ್ನೊಬ್ಬರು ಎತ್ತಿ ಹಾಕಿಕೊಳ್ಳದಂತೆ.