ಪೆನ್ಸಿಲ್ ಗೆರೆಯಲ್ಲಿ ಇರುವಾಗಲೇ

ಮನೆ ಕಟ್ಟಿಸಬೇಕು ಅಂತ ನನ್ನ ಹತ್ತಿರ ಬರುವವರ ಮೊಬೈಲಿನಲ್ಲಿ ಫೋಟೋಗಳ ರಾಶಿಯೇ ಇರುತ್ತದೆ. ಯಾರದೋ ಮನೆಯ ಮೆಟ್ಟಿಲು, ಇನ್ಯಾರದೋ ಬಚ್ಚಲಿನ ಟೈಲ್ಸ್, ಎಲ್ಲೋ ನೋಡಿ ಮನಸೋತ ಉದ್ದನೆಯ ಕಿಟಕಿ. ಅವನ್ನು ಆಮೇಲೆ ನೋಡೋಣ ಅಂತ ಹೇಳಿ ನಾನು ಮೊದಲು ಕೇಳುವುದು ಬೇರೆ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ನಿಮ್ಮ ಮನೆಯಲ್ಲಿ ಯಾರು ಎಲ್ಲಿದ್ದರು, ಏನು ಮಾಡುತ್ತಿದ್ದರು?

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆದರೆ ಹೇಳುತ್ತಾ ಹೋದಂತೆ ಮನೆ ತಾನಾಗಿ ಕಾಣತೊಡಗುತ್ತದೆ. ಒಬ್ಬರು ನಸುಕಿನಲ್ಲೇ ಎದ್ದು ಕೆಲಸಕ್ಕೆ ಹೊರಡುತ್ತಾರೆ, ಉಳಿದವರ ನಿದ್ದೆ ಕೆಡಬಾರದು. ಮಗಳು ಓದುವುದು ಊಟದ ಮೇಜಿನ ಮೇಲೆಯೇ, ಅವಳ ರೂಮಿನ ಮೇಜಿನ ಮೇಲೆ ಬಟ್ಟೆ ಬಿದ್ದಿರುತ್ತದೆ. ಅಜ್ಜಿಗೆ ಮಂಡಿನೋವು, ರಾತ್ರಿ ಎರಡು ಸಲ ಬಚ್ಚಲಿಗೆ ಎದ್ದು ಹೋಗಬೇಕು. ಯಾವಾಗಲೋ ಬರುವ ನೆಂಟರಿಗೆ ಒಂದು ರೂಮು ಇರಲೇಬೇಕು ಅಂದವರಿಗೆ, ದಿನಾ ಬಟ್ಟೆ ಒಣಗಿಸಲು ಜಾಗ ಬೇಕು ಅನ್ನುವುದು ನೆನಪೇ ಇರುವುದಿಲ್ಲ. ನಮಗೇ ಅಂತ ಕಟ್ಟಿಸುವ ಮನೆ ಹುಟ್ಟಬೇಕಾದದ್ದು ಈ ಮಾತುಗಳಿಂದ.

ಇದಾದ ಮೇಲೆ ಇನ್ನೊಂದು ಮಾತು ಕೇಳುತ್ತೇನೆ. ನೀವು ನಿಜವಾಗಿಯೂ ಕಟ್ಟಿಸಲೇಬೇಕಾ?

ಕೆಲಸ ಬೇಡ ಅಂತಲ್ಲ. ಸ್ವಂತಕ್ಕೆ ಕಟ್ಟಿಸುವುದು ಅಂದರೆ ನೂರಾರು ತೀರ್ಮಾನಗಳನ್ನು ನೀವೇ ತೆಗೆದುಕೊಳ್ಳುವುದು. ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ? ಸ್ವಿಚ್ಚು ಬಾಗಿಲಿನ ಎಡಕ್ಕೋ ಬಲಕ್ಕೋ? ಬಚ್ಚಲಿನ ನೀರು ಯಾವ ಮೂಲೆಗೆ ಹರಿಯಬೇಕು? ಇಂಥ ಪ್ರಶ್ನೆಗಳು ಬಿಡುವಿದ್ದಾಗ ಬರುವುದಿಲ್ಲ. ನೀವು ಆಫೀಸಿನಲ್ಲಿದ್ದಾಗ ಮೇಸ್ತ್ರಿಯ ಫೋನ್ ಬರುತ್ತದೆ, ಅರ್ಧ ಗಂಟೆಯಲ್ಲಿ ಉತ್ತರ ಬೇಕು. ಹೀಗೆ ತೀರ್ಮಾನ ಮಾಡುವುದು ಕೆಲವರಿಗೆ ಖುಷಿ ಕೊಡುತ್ತದೆ, ಕೆಲವರಿಗೆ ನಿದ್ದೆ ಕೆಡಿಸುತ್ತದೆ. ಎರಡನೆಯ ಥರದವರು ಕಟ್ಟಿರುವ ಮನೆ ಕೊಂಡುಕೊಂಡರೆ ನೆಮ್ಮದಿಯಾಗಿರುತ್ತಾರೆ. ಅದರಲ್ಲಿ ಕೊರತೆ ಏನೂ ಇಲ್ಲ.

ಒಂದು ದಂಪತಿಗೆ ಹೀಗೇ ಹೇಳಿದ್ದೆ. ಅವರ ತೊಂದರೆಗಳನ್ನೆಲ್ಲ ಬರೆದು ನೋಡಿದರೆ ಮುಕ್ಕಾಲು ಪಾಲು ಅಡುಗೆಮನೆಯದ್ದೇ ಆಗಿತ್ತು. ಕತ್ತಲು, ಇಕ್ಕಟ್ಟು, ಊಟದ ಜಾಗಕ್ಕೆ ಅಡ್ಡಗೋಡೆ. ಆ ಗೋಡೆ ಮೇಲಿನ ಭಾರ ಹೊರುವ ಗೋಡೆ ಅಲ್ಲ ಅಂತ ಪರೀಕ್ಷಿಸಿ ಖಚಿತ ಮಾಡಿಕೊಂಡು ತೆಗೆಸಿದೆವು, ಹೊಸ ಕಿಟಕಿ ಇಟ್ಟೆವು. ಹೊಸ ಮನೆಯ ಮಾತು ಅಲ್ಲಿಗೇ ನಿಂತಿತು.

ಕಟ್ಟಿಸುವುದೇ ಸರಿ ಅಂತ ಆದಮೇಲೆ ಮೊದಲು ನೋಡಬೇಕಾದದ್ದು ನೆಲ. ಸೈಟು ಕೊಳ್ಳುವಾಗ ರಸ್ತೆ ಎಷ್ಟು ಅಗಲ, ಬಸ್ಸು ಎಷ್ಟು ದೂರ ಅಂತ ಕೇಳುವವರು ಮಣ್ಣಿನ ಬಗ್ಗೆ ಕೇಳುವುದೇ ಇಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ಸಾಧಾರಣ ಪಾಯ ಹಾಕಿದರೆ ಮನೆಯೂ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ತಗ್ಗನ್ನು ತುಂಬಿಸಿ ಮಾಡಿದ ಜಾಗ ಇನ್ನೂ ಮೋಸದ್ದು. ಮೇಲಿಂದ ಗಟ್ಟಿಯಾಗಿಯೇ ಕಾಣುತ್ತದೆ, ಒಳಗೆ ಇಟ್ಟಿಗೆ ಚೂರು, ಕಸ, ಸಡಿಲ ಮಣ್ಣು. ಮನೆ ಪೂರ್ತಿ ಒಂದೇ ಸಮ ಒಂದಿಷ್ಟು ಇಳಿದರೆ ಅಷ್ಟು ಅಪಾಯವಿಲ್ಲ. ಒಂದು ಮೂಲೆ ಇಳಿದು ಇನ್ನೊಂದು ನಿಂತರೆ ಗೋಡೆ ತಡೆಯುವುದಿಲ್ಲ. ಕಿಟಕಿಯ ಮೂಲೆಯಿಂದ ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋಗುವ ಬಿರುಕು ನೋಡಿದ್ದೀರಲ್ವಾ? ಬಹಳ ಸಲ ಅದು ನೆಲ ಬರೆಯುವ ಗೆರೆ. ಅದರ ಮೇಲೆ ಎಷ್ಟು ಸಲ ಬಣ್ಣ ಬಳಿದರೂ ಮತ್ತೆ ಕಾಣಿಸಿಕೊಳ್ಳುತ್ತದೆ.

ಹಾಗಾಗಿ ಪ್ಲಾನ್ ಕಾಗದಕ್ಕೆ ಕೈ ಹಾಕುವ ಮುಂಚೆ ಗುಂಡಿ ತೋಡಿಸುತ್ತೇನೆ, ಮಣ್ಣು ಪರೀಕ್ಷೆ ಮಾಡಿಸುತ್ತೇನೆ. ಪಾಯ ಎಷ್ಟು ಆಳ, ಯಾವ ಥರದ್ದು ಅಂತ ಹೇಳಬೇಕಾದದ್ದು ಆ ವರದಿ ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್, ಪಕ್ಕದ ಸೈಟಿನವರು ಹಾಕಿದ ಪಾಯ ಅಲ್ಲ. ಜೋರು ಮಳೆ ಬಂದ ಮಾರನೇ ದಿನ ಸೈಟಿಗೆ ಒಂದು ಸಲ ಹೋಗಿ ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಅವತ್ತು ತಿಳಿದಷ್ಟು ಇನ್ಯಾವತ್ತೂ ತಿಳಿಯುವುದಿಲ್ಲ.

ಇನ್ನು ಅಳತೆ. ಕಾಗದದ ಮೇಲೆ 10 ಅಡಿಗೆ 12 ಅಡಿ ರೂಮು ಅಂದರೆ 120 ಚದರ ಅಡಿ. ಸುತ್ತಲೂ 9 ಇಂಚಿನ ಗೋಡೆ ಬಂದರೆ ಹೊರಗಿನ ಅಳತೆ 11.5ಕ್ಕೆ 13.5 ಅಡಿ ಆಗುತ್ತದೆ, ಅಂದರೆ 155 ಚದರ ಅಡಿ. 35 ಚದರ ಅಡಿ ಬರೀ ಗೋಡೆಗೇ ಹೋಯಿತು. ಎರಡು ರೂಮಿಗೆ ಒಂದೇ ಗೋಡೆ ಬಂದಾಗ ಲೆಕ್ಕ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಮೆಟ್ಟಿಲನ್ನೇ ನೋಡಿ. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ 10 ಅಡಿ ಏರಬೇಕು, ಒಂದೊಂದು ಮೆಟ್ಟಿಲು 6 ಇಂಚು ಎತ್ತರ ಅಂದರೆ 20 ಏರು ಬೇಕು. ಕಾಲಿಡುವ ಜಾಗ, ಅಂದರೆ ತುಳಿ, 10 ಇಂಚು ಇಟ್ಟು ಒಂದೇ ಸಾಲಿನಲ್ಲಿ ಹೋದರೆ ಸುಮಾರು 16 ಅಡಿ ಉದ್ದ. ಜಾಗ ಸಾಲಲಿಲ್ಲ ಅಂತ ಏರು ಜಾಸ್ತಿ ಮಾಡಿ ತುಳಿ ಕಡಿಮೆ ಮಾಡುತ್ತಾರೆ. ಆ ಮೆಟ್ಟಿಲಲ್ಲಿ ವಯಸ್ಸಾದವರು ಗೋಡೆ ಹಿಡಿದುಕೊಂಡೇ ಇಳಿಯಬೇಕಾಗುತ್ತದೆ.

ಪ್ಲಾನಿನ ಗೆರೆ ನೋಡಿ ಜಾಗ ಊಹಿಸಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ಅದು ಅಭ್ಯಾಸದಿಂದ ಬರುವಂಥದ್ದು. ಅದಕ್ಕೇ ನಾನು ಪ್ಲಾನನ್ನು ಸೈಟಿನ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ನಿಜವಾದ ಅಳತೆಗೇ ಬರೆಸುತ್ತೇನೆ. ಮನೆಯವರೆಲ್ಲ ಬರಬೇಕು, ನಾಲ್ಕು ಕುರ್ಚಿ ತರಬೇಕು. ಒಮ್ಮೆ ಹೀಗೆ ಬರೆಸಿದಾಗ ಆ ಮನೆಯಾಕೆ ಅಡುಗೆಮನೆಯ ಗೆರೆಯೊಳಗೆ ನಿಂತು, ಕೈಯಲ್ಲಿ ಪಾತ್ರೆ ಹಿಡಿದ ಹಾಗೆ ಮಾಡಿ, ಒಲೆಯಿಂದ ಸಿಂಕಿಗೆ ತಿರುಗಿದರು. ಅಲ್ಲಿಂದ ಊಟದ ಮೇಜಿಗೆ ನಡೆದರು. ಹೆಜ್ಜೆ ಎಣಿಸಿದರು. ಮತ್ತೆ ವಾಪಸ್ ಬಂದು ಎಣಿಸಿದರು. "ಬಾಗಿಲು ಇಲ್ಲಿದ್ದರೆ ನಾನು ದಿನಾ ಫ್ರಿಜ್ಜು ಸುತ್ತಿಕೊಂಡು ಹೋಗಬೇಕಲ್ಲ" ಅಂದರು. ಕಾಲಿನಿಂದಲೇ ಸುಣ್ಣದ ಗೆರೆ ಒರೆಸಿ ಬಾಗಿಲನ್ನು ಮೂರು ಅಡಿ ಆಚೆ ಸರಿಸಿದರು. ಆ ಪ್ಲಾನನ್ನು ಕಾಗದದ ಮೇಲೆ ನಾವೆಲ್ಲ ಐದಾರು ಸಲ ನೋಡಿದ್ದೆವು. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗೋಡೆ ಎದ್ದ ಮೇಲೆ ಆ ಮೂರು ಅಡಿ ಸರಿಸುವುದು ಅಂದರೆ ಏನು ಗೊತ್ತಾ? ಗೋಡೆ ಒಡೆಯಬೇಕು, ಬಾಗಿಲ ಮೇಲಿನ ಲಿಂಟಲ್ ಬದಲಾಗಬೇಕು, ಒಳಗೆ ಹಾಕಿದ ವೈರಿನ ಪೈಪು ಕೀಳಬೇಕು, ಒಡೆದ ಚೂರು ಸಾಗಿಸಬೇಕು. ಆ ಕೆಲಸ ಮುಗಿಯುವ ತನಕ ಪ್ಲಾಸ್ಟರಿನವರು ಸುಮ್ನೆ ಕಾಯಬೇಕು ಅಥವಾ ಬೇರೆ ಕಡೆ ಹೋಗಿಬಿಡುತ್ತಾರೆ. ಖರ್ಚು ಏರಿತು ಅಂತ ಬೇಸರ ಪಟ್ಟವರ ಜೊತೆ ಕೂತು ಲೆಕ್ಕ ಬಿಡಿಸಿದಾಗ, ಸಿಮೆಂಟು ಕಬ್ಬಿಣದ ರೇಟಿಗಿಂತ ಜಾಸ್ತಿ ನನಗೆ ಕಂಡದ್ದು ಈ "ಇದೊಂದು ಸ್ವಲ್ಪ ಬದಲಾಯಿಸೋಣ"ಗಳೇ.

ಜಗತ್ತಿಗೆಲ್ಲ ಗೊತ್ತಿರುವ ಮನೆಗಳಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಎಡಿತ್ ಫಾರ್ನ್ಸ್‌ವರ್ತ್ ಎಂಬ ವೈದ್ಯೆಗಾಗಿ ಹೆಸರಾಂತ ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋಹೆ ಕಟ್ಟಿದ ಗಾಜಿನ ಮನೆ 1951ರಲ್ಲಿ ಮುಗಿಯಿತು. ನನ್ನಂಥವರೆಲ್ಲ ಕಾಲೇಜಿನಲ್ಲಿ ಕಣ್ಣರಳಿಸಿ ಓದಿದ ಮನೆ ಅದು. ಆದರೆ ಖರ್ಚು ಮೊದಲು ಅಂದುಕೊಂಡದ್ದನ್ನು ದಾಟಿತು. ಕಟ್ಟಿಸಿದವರು, ಕಟ್ಟಿದವರು ಕೊನೆಗೆ ಕೋರ್ಟಿನಲ್ಲಿ ಎದುರುಬದುರಾದರು. ನಾಲ್ಕೂ ಕಡೆ ಗಾಜಾದ್ದರಿಂದ ಬೇಸಿಗೆಯಲ್ಲಿ ಒಳಗೆ ಸೆಕೆ. ನದಿಯ ದಡ ಅಂತ ಮನೆಯನ್ನು ನೆಲದಿಂದ ಸುಮಾರು 5 ಅಡಿ ಎತ್ತರಿಸಿ ನಿಲ್ಲಿಸಿದ್ದರೂ, 1954ರಲ್ಲೂ 1996ರಲ್ಲೂ ಪ್ರವಾಹ ಒಳಗೇ ನುಗ್ಗಿತು. ಈಗಲೂ ಅದು ಸುಂದರವೇ, ಜನ ಹೋಗಿ ನೋಡುತ್ತಾರೆ. ಆದರೆ ಅಲ್ಲಿ ಬಾಳಬೇಕಾದವರ ಕಷ್ಟ ಬೇರೆಯೇ ಇತ್ತು. ಕೈಯಲ್ಲಿ ಪೆನ್ಸಿಲ್ ಹಿಡಿದಾಗ ನನಗೆ ಆ ವೈದ್ಯೆಯ ನೆನಪಾಗುತ್ತದೆ.

ಗಾಜಿನ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ. ಕೆಲಸಕ್ಕೆ ಇಳಿದ ಹೊಸತರಲ್ಲಿ ಒಂದು ಮನೆಗೆ ಪಶ್ಚಿಮದ ಕಡೆ ದೊಡ್ಡ ಕಿಟಕಿ ಬರೆದೆ. ಸಂಜೆಯ ಬೆಳಕು ಚೆನ್ನಾಗಿರುತ್ತದೆ ಅಂತ ಮನೆಯವರನ್ನೂ ಒಪ್ಪಿಸಿದೆ. ಎರಡು ವರ್ಷ ಬಿಟ್ಟು ಹೋದಾಗ ಅದಕ್ಕೆ ದಪ್ಪ ಪರದೆ ಎಳೆದಿತ್ತು. ಯಾವತ್ತೂ ತೆಗೆಯುವುದೇ ಇಲ್ಲ ಅಂದರು. ಮಧ್ಯಾಹ್ನ ಸೂರ್ಯ ಎತ್ತರದಲ್ಲಿ ಇರುವಾಗ ಕಿಟಕಿಯ ಮೇಲಿನ ಸಜ್ಜಾ ಬಿಸಿಲನ್ನು ತಡೆಯುತ್ತದೆ. ಸಂಜೆ ಸೂರ್ಯ ಕೆಳಗಿಳಿದು ನೇರ ನುಗ್ಗುತ್ತಾನೆ, ಸಜ್ಜಾ ಎಷ್ಟು ಮುಂದೆ ಚಾಚಿದರೂ ಸಾಲುವುದಿಲ್ಲ. ಪರದೆ ಕಣ್ಣಿಗೆ ಹೊಡೆಯುವ ಬೆಳಕು ತಡೆಯಬಹುದು, ಆದರೆ ಗಾಜು ದಾಟಿದ ಶಾಖ ಅಷ್ಟರಲ್ಲಿ ಮನೆಯೊಳಗೆ ಬಂದಾಗಿರುತ್ತದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಮರ, ಜಾಲಿ, ಹೊರಗಿನ ಅಡ್ಡಪಟ್ಟಿ, ಏನಾದರೂ ಸರಿ. ಇವತ್ತಿಗೂ ಆ ಮನೆಯ ದಾರಿಯಲ್ಲಿ ಹೋಗುವಾಗ ಆ ಪರದೆಯತ್ತ ಕಣ್ಣು ಹೋಗುತ್ತದೆ.

ಈಗ ಕಂಟ್ರಾಕ್ಟಿನ ಮಾತು. ಚದರ ಅಡಿಗೆ ಇಷ್ಟು ಅಂತ ಮಾತಾಡಿ ಕೈಕುಲುಕಿ ಬರುವವರೇ ಜಾಸ್ತಿ. ಆ ರೇಟಿನಲ್ಲಿ ಏನೇನು ಸೇರಿದೆ ಅನ್ನುವುದು ಬರೆದಿರದಿದ್ದರೆ ಅದು ರೇಟೇ ಅಲ್ಲ. ಕಾಂಪೌಂಡು ಸೇರಿದೆಯಾ? ನೀರಿನ ಸಂಪು? ಬಾಗಿಲಿನ ಮರ ಯಾವುದು, ಟೈಲ್ಸ್ ಯಾವ ದರ್ಜೆಯದು, ಬಣ್ಣ ಎಷ್ಟು ಕೋಟು? ಅಳತೆ ಗೋಡೆಯ ಹೊರಗಿನದ್ದೋ ಒಳಗಿನದ್ದೋ? ಒಂದೊಂದು ಕೆಲಸಕ್ಕೂ ಬೇರೆ ಬೇರೆ ರೇಟು ಬರೆದು, ಆದ ಕೆಲಸ ಅಳೆದು ದುಡ್ಡು ಕೊಡುವ ಪದ್ಧತಿ ನನಗೆ ಇಷ್ಟ. ಓದಲು ಬೇಸರ ಬರುವಷ್ಟು ಉದ್ದದ ಪಟ್ಟಿ ಅದು. ಆದರೂ ಒಂದು ಸಂಜೆ ಕೂತು ಪೂರ್ತಿ ಓದಿ. ಎಲ್ಲರಿಗಿಂತ ತೀರಾ ಕಡಿಮೆ ರೇಟು ಹೇಳಿದವರ ಪಟ್ಟಿಯನ್ನು ಎರಡು ಸಲ ಓದಿ.

ದುಡ್ಡು ಯಾವಾಗಲೂ ಕೆಲಸದ ಹಿಂದೆ ಹೋಗಬೇಕು, ಮುಂದೆ ಹೋಗಬಾರದು. ಪಾಯ ಮುಗಿದ ಮೇಲೆ ಪಾಯದ ಕಂತು, ಸ್ಲ್ಯಾಬ್ ಆದಮೇಲೆ ಸ್ಲ್ಯಾಬಿನದ್ದು. ನಾನು ಮಾಡಿಸುವ ಕರಾರಿನಲ್ಲಿ ಪ್ರತಿ ಬಿಲ್ಲಿನಲ್ಲೂ 5 ಪರ್ಸೆಂಟ್ ಹಿಡಿದಿಟ್ಟು, ಒಂದು ಮಳೆಗಾಲ ಕಳೆದ ಮೇಲೆ ಕೊಡುವ ಹಾಗೆ ಬರೆಸುತ್ತೇನೆ. ಸೋರುವುದಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಹಿಡಿದಿಟ್ಟ ದುಡ್ಡನ್ನು ಹೇಳಿದ ದಿನ ಕೊಡುವುದೂ ಅಷ್ಟೇ ಮುಖ್ಯ. ಬಿಸಿಲಲ್ಲಿ ನಿಂತು ದುಡಿದವರ ದುಡ್ಡು ಅದು. ಇನ್ನು ಎಸ್ಟಿಮೇಟಿನ ಮೇಲೆ 10ರಿಂದ 15 ಪರ್ಸೆಂಟ್ ಬೇರೆ ಎತ್ತಿಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅಗೆದಾಗ ಬಂಡೆ ಸಿಗಬಹುದು, ನೀರು ಬರಬಹುದು. ಅದು ಆ ಖರ್ಚಿಗೆ. ಗ್ರಾನೈಟಿನ ಆಸೆಗೆ ಅದನ್ನು ಮುಟ್ಟಬೇಡಿ.

ಕಾಂಕ್ರೀಟು ಹಾಕುವ ದಿನ ಸಾಧ್ಯವಾದರೆ ನೀವೂ ಸೈಟಿನಲ್ಲಿರಿ. ಕಂಬಿಯ ಸಂದಿಗೆ ಕಲಸು ಸಲೀಸಾಗಿ ಇಳಿಯಲಿ ಅಂತ ಕೆಲಸದವರು ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಅವರ ತೋಳಿಗೆ ಆರಾಮ, ಆದರೆ ಹೆಚ್ಚಾದ ನೀರು ಆಮೇಲೆ ಆರಿ ಹೋಗಿ ಒಳಗೆ ಸಣ್ಣ ಸಣ್ಣ ತೂತು ಬಿಡುತ್ತದೆ, ಕಾಂಕ್ರೀಟು ಸೊರಗುತ್ತದೆ. ಹಾಕುವ ಮುಂಚೆ ನೀರು ಜಾಸ್ತಿ ಆಗಬಾರದು, ಹಾಕಿ ಗಟ್ಟಿಯಾದ ಮೇಲೆ ಕಡಿಮೆ ಆಗಬಾರದು. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಲ್ಲ, ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುವುದು. ಸಾಮಾನ್ಯ ಸಿಮೆಂಟಿನಲ್ಲಿ 7 ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ಬರುತ್ತದೆ. ಪೂರ್ತಿ ಬಲ ಲೆಕ್ಕ ಹಾಕುವುದು 28ನೇ ದಿನಕ್ಕೆ. ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕಾಲಮ್ಮಿಗೆ ಒದ್ದೆ ಗೋಣಿ ಸುತ್ತಿಸಿ. ಕನಿಷ್ಠ 7 ದಿನ ಅನ್ನುತ್ತಾರೆ, ನಾನು 14 ದಿನ ಹೀಗೆ ಒದ್ದೆಯಾಗಿಯೇ ಇರಿಸುತ್ತೇನೆ.

ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ಟೈಲ್ಸ್ ಹಾಕುವ ಮುಂಚೆ ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಸೂರನ್ನು ಟಾರ್ಚ್ ಬಿಟ್ಟು ನೋಡಿ. ಸಣ್ಣ ಕಲೆ ಕಂಡರೂ ಮುಂದಕ್ಕೆ ಹೋಗಬೇಡಿ.

ಕೊನೆಗೆ ಒಂದು ಸಣ್ಣ ಕೆಲಸ ನಿಮ್ಮದೇ. ಪ್ಲಾಸ್ಟರ್ ಆಗುವ ಹಿಂದಿನ ದಿನ ಪ್ರತಿ ಗೋಡೆಯ ಫೋಟೋ ತೆಗೆದಿಡಿ. ನೀರಿನ ಪೈಪು, ವೈರಿನ ಪೈಪು ಎಲ್ಲೆಲ್ಲಿ ಹೋಗಿದೆ ಅನ್ನುವುದು ಕಾಣಬೇಕು, ಪಕ್ಕದಲ್ಲಿ ಅಳತೆಯ ಟೇಪು ಹಿಡಿದಿರಬೇಕು. ರೂಮಿನ ಹೆಸರು ಬರೆದ ಚೀಟಿಯೂ ಚಿತ್ರದಲ್ಲಿ ಬರಲಿ. ಅವನ್ನು ಪ್ಲಾನಿನ ಜೊತೆ ಒಂದೇ ಫೈಲಿನಲ್ಲಿ ಇಡಿ. ಎಂಟು ಹತ್ತು ವರ್ಷದ ಮೇಲೆ ಅಜ್ಜಿಯ ಬಚ್ಚಲಿಗೆ ಕೈಹಿಡಿ ಕೂರಿಸಲು ಯಾರೋ ಡ್ರಿಲ್ ಹಿಡಿದು ಬಂದು, ಇಲ್ಲಿ ತೂತು ಹಾಕಲಾ ಅಂತ ಕೇಳುತ್ತಾರೆ. ಆಗ ಆ ಫೈಲು ತೆಗೆದು ತೋರಿಸಿ.