ಒದೆತದ ಲೆಕ್ಕ ಮೊದಲು, ಬೋರಿನ ಲೆಕ್ಕ ಆಮೇಲೆ

ದೊಡ್ಡ ಪ್ರಾಣಿಯ ಬೇಟೆಗೆ ಬೋಲ್ಟ್ ಕೋವಿ, ಅಂದರೆ ಪ್ರತಿ ಈಡಿಗೂ ಬೋಲ್ಟೆಂಬ ಅಗುಳಿಯನ್ನು ಕೈಯಲ್ಲಿ ಎಳೆದು ತೋಟಾ ಏರಿಸುವ ಕೋವಿ, ಕೊಳ್ಳಲು ಬರುವವರು ಮೊದಲು ಕೇಳುವುದು ಬೋರಿನ, ಅಂದರೆ ನಳಿಗೆಯ ತೂತಿನ, ಗಾತ್ರವನ್ನೇ. ಅದನ್ನು ಅಂಗುಲದ ಲೆಕ್ಕದಲ್ಲಿ ಹೇಳುವುದು ರೂಢಿ. .375 ತೋರಿಸಿದರೆ .416 ಇಲ್ಲವೇ ಎನ್ನುತ್ತಾರೆ, .416 ಕೈಗೆ ಕೊಟ್ಟರೆ ಕಣ್ಣು .458 ಲಾಟ್ ಕಡೆ ಹೋಗುತ್ತದೆ. ಗುರಿ ಕೊಂಚ ಆಚೀಚೆ ಆದರೂ ದೊಡ್ಡ ಗುಂಡು ಅದನ್ನು ಸರಿದೂಗಿಸುತ್ತದೆ ಎಂಬ ನಂಬಿಕೆ ಅವರದು. ಸರಿದೂಗಿಸುವುದಿಲ್ಲ. ಆಫ್ರಿಕದ ಕಾಡೆಮ್ಮೆಯ ಹೊಟ್ಟೆಗೆ .458 ಗುಂಡು ಬಿದ್ದರೂ ಅದು ಪೊದೆಗೆ ನುಗ್ಗುತ್ತದೆ, ಗಂಟೆಗಟ್ಟಲೆ ನರಳುತ್ತದೆ. ಅದರ ಜಾಡು ಹಿಡಿದು ಮೊದಲು ಒಳಗೆ ಹೋಗುವವನು ಈಡು ಹೊಡೆದವನಲ್ಲ, ಜಾಡುಗಾರ. ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೇ ಒಂದು ಭಾಗದೊಳಗೆ ಬಿದ್ದ .375 ಗುಂಡು ಪ್ರಾಣಿಯನ್ನೂ ಜಾಡುಗಾರನನ್ನೂ ಆ ಪಾಡಿನಿಂದ ತಪ್ಪಿಸುತ್ತದೆ.

ಎಷ್ಟು ಸಲ ಹೇಳಿದರೂ ಕೊಳ್ಳುವವರ ಮನಸ್ಸಿಗೆ ಇಳಿಯದ ಸಂಗತಿ ಒದೆತ, ಈಡಾದಾಗ ಕೋವಿ ಹಿಂದಕ್ಕೆ ಕೊಡುವ ಪೆಟ್ಟು. ಅದನ್ನು "ಸ್ವಲ್ಪ ಭುಜ ನೋಯುತ್ತದೆ, ಅಷ್ಟೇ ತಾನೇ" ಎಂದು ತಳ್ಳಿಹಾಕುತ್ತಾರೆ. ಆದ್ದರಿಂದ ಒಮ್ಮೆ ಲೆಕ್ಕ ಹಾಕಿಯೇ ನೋಡೋಣ. .375 ಎಚ್ ಅಂಡ್ ಎಚ್ (ಹಾಲೆಂಡ್ ಅಂಡ್ ಹಾಲೆಂಡ್) ತೋಟಾದ 300 ಗ್ರೇನ್ ಗುಂಡು, ಅಂದರೆ 19.4 ಗ್ರಾಂ, ಸೆಕೆಂಡಿಗೆ ಸುಮಾರು 770 ಮೀಟರ್ ವೇಗದಲ್ಲಿ ಹೊರಡುತ್ತದೆ. ಗ್ರಾಮನ್ನು ಕಿಲೋಗೆ ತಂದರೆ ಇವೆರಡರ ಗುಣಲಬ್ಧ 14.9. ಉರಿದ ಮದ್ದು ಸುಮಾರು 4.9 ಗ್ರಾಂ. ಅದು ಅನಿಲವಾಗಿ ಇನ್ನೂ ಹೆಚ್ಚಿನ ವೇಗದಲ್ಲಿ, ಹೆಚ್ಚುಕಡಿಮೆ 1,400 ಮೀಟರ್ ಎಂದಿಟ್ಟುಕೊಳ್ಳಿ, ನಳಿಗೆಯ ಬಾಯಿಂದ ಚಿಮ್ಮುತ್ತದೆ. ಅದರ ಪಾಲು 6.9. ಒಟ್ಟು 21.8. ಕೋವಿಯ ತೂಕ 4.2 ಕಿಲೋ ಇದ್ದರೆ ಅದು ಸೆಕೆಂಡಿಗೆ 5.2 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಆ ವೇಗದ ಶಕ್ತಿ ಸುಮಾರು 57 ಜೂಲ್.

ಇದೇ ಲೆಕ್ಕದಲ್ಲಿ 3.6 ಕಿಲೋ ತೂಕದ .30-06 ಕೋವಿಯ ಒದೆತ 30 ಜೂಲ್. 4.5 ಕಿಲೋ ತೂಕದ .416 ರಿಗ್ಬಿಯದು 83, ಅಷ್ಟೇ ತೂಕದ .458 ಲಾಟ್‌ನದು 100ರ ಆಸುಪಾಸು. ಮದ್ದಿನ ಪ್ರಮಾಣಕ್ಕೆ ತಕ್ಕಂತೆ ಅಂಕಿಗಳು ನಾಲ್ಕಾರು ಜೂಲ್ ಆಚೀಚೆ ಆಗಬಹುದು, ಅನುಪಾತ ಮಾತ್ರ ಹೆಚ್ಚು ಬದಲಾಗದು. ಅಂದರೆ .30-06ರಲ್ಲಿ ಪಳಗಿದವರು .375 ಹಿಡಿದಾಗ ಒದೆತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಲಾಟ್ ಹಿಡಿದರೆ ಮೂರು ಪಟ್ಟು ದಾಟುತ್ತದೆ. ಅಭ್ಯಾಸವಿಲ್ಲದೆ ಆ ಮೂರು ಪಟ್ಟನ್ನು ತಾಳುವ ಭುಜ ತೀರಾ ವಿರಳ.

ನಿಜವಾದ ಹಾನಿ ಆಗುವುದು ಭುಜಕ್ಕಲ್ಲ, ಗುರಿಗೆ. ಕೋವಿಯ ಕುದುರೆ ಎಳೆದ ಮೇಲೆ ಗುಂಡು ನಳಿಗೆ ಬಿಡಲು ಸೆಕೆಂಡಿನ ನೂರನೇ ಒಂದು ಭಾಗವೂ ಬೇಕಿಲ್ಲ. ಮನುಷ್ಯನ ದೇಹ ಪೆಟ್ಟಿಗೆ ಪ್ರತಿಕ್ರಿಯೆ ತೋರಲು ಅದರ ಹತ್ತಿಪ್ಪತ್ತು ಪಟ್ಟು ಹೊತ್ತು ಬೇಕು. ಒದೆತ ಬಿದ್ದ ಮೇಲೆ ಬೆಚ್ಚಿದರೆ ಗುಂಡಿಗೆ ಏನೂ ಆಗದು, ಅದಾಗಲೇ ಹೊರಟುಹೋಗಿರುತ್ತದೆ. ಕೆಡಿಸುವುದು ಒದೆತವನ್ನು ಎದುರುನೋಡುತ್ತಾ ಮುಂಚೆಯೇ ಬೆಚ್ಚುವುದು. ಕಣ್ಣು ಮುಚ್ಚುತ್ತದೆ, ಭುಜ ಮುಂದೆ ತಳ್ಳುತ್ತದೆ, ಎಡಗೈ ನಳಿಗೆಯನ್ನು ಕೆಳಕ್ಕೆ ಒತ್ತುತ್ತದೆ. ಇದು ಧೈರ್ಯದ ಪ್ರಶ್ನೆಯೇ ಅಲ್ಲ. ದೇಹ ತಾನಾಗಿ ಕಲಿಯುವ ಪಾಠ ಇದು, ಎಂಥ ಗಟ್ಟಿಗನಿಗೂ ಬರುತ್ತದೆ. ಭುಜದಿಂದ ಒಂದು ಮೀಟರ್ ಮುಂದಿರುವ ನಳಿಗೆಯ ತುದಿ ಬರೀ 4 ಮಿಲಿಮೀಟರ್ ತಗ್ಗಿದರೆ 50 ಮೀಟರ್ ದೂರದಲ್ಲಿ ಗುಂಡು 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಅಷ್ಟಾದರೆ ಹೃದಯ ತಪ್ಪಿ ಎಲುಬಿನ ಕೆಳಗಿನ ಮಾಂಸ ಹರಿಯುತ್ತದೆ.

ಬೆಚ್ಚುವವರಿಗೆ ತಾವು ಬೆಚ್ಚುತ್ತಿದ್ದೇವೆ ಎಂಬುದು ಗೊತ್ತಾಗುವುದಿಲ್ಲ. ಸದ್ದು, ಹೊಗೆ, ಒದೆತದ ನಡುವೆ ಅದು ಮುಚ್ಚಿಹೋಗುತ್ತದೆ. ಪತ್ತೆ ಮಾಡುವ ಉಪಾಯ ಒಂದಿದೆ. ಗುಂಡಿನ ಮೈದಾನದಲ್ಲಿ, ಕೋವಿಯ ಬಾಯಿ ಸದಾ ಗುರಿಯ ದಿಕ್ಕಿಗಿರುವಾಗ, ಜೊತೆಗಾರರೊಬ್ಬರು ನಿಮಗೆ ಕಾಣದಂತೆ ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಡಮ್ಮಿ ತೋಟಾ ಬೆರೆಸಿ ತುಂಬಲಿ. ಡಮ್ಮಿಯ ಸರದಿ ಬಂದಾಗ ಬರೀ "ಟಿಕ್" ಎಂಬ ಸದ್ದು. ಆ ಕ್ಷಣ ನಳಿಗೆಯ ತುದಿಯನ್ನು ನೋಡಬೇಕು. ಸರಿಯಾಗಿ ಹೊಡೆಯುವವರ ಕೋವಿಯ ಮುಂದಿನ ಮಣಿ ಕದಲುವುದಿಲ್ಲ. ಬೆಚ್ಚುವವರದು ನೆಲಕ್ಕೆ ಕುಕ್ಕುತ್ತದೆ, ಇಡೀ ಮೈ ಮುಂದಕ್ಕೆ ತೂಗುತ್ತದೆ. ದೊಡ್ಡ ಬೋರಿಗಾಗಿ ಹಟ ಹಿಡಿದವರಿಗೆ ಇದೊಂದನ್ನು ತೋರಿಸಿದರೆ ಮತ್ತೆ ವಾದ ಮಾಡಬೇಕಾಗಿಲ್ಲ. ಡಮ್ಮಿಯಲ್ಲಿ ನಳಿಗೆ ಕದಲದೆ, ನಿಂತು, ಮೂರುಗಾಲಿನ ಆಸರೆಯ ಮೇಲೆ ಕೋವಿಯಿಟ್ಟು 50 ಮೀಟರಿಗೆ ಒಂದು ಅಂಗೈಯಗಲದೊಳಗೆ ಮೂರು ಈಡು ಇಡಬಲ್ಲ ಅತಿ ದೊಡ್ಡ ಬೋರು ಯಾವುದೋ, ಅದೇ ನಿಮ್ಮ ಬೋರು. ಹೆಚ್ಚಿನವರಿಗೆ ಅದು .375ರಲ್ಲಿ ನಿಲ್ಲುತ್ತದೆ. ಅದರಲ್ಲಿ ಸಣ್ಣತನವೇನೂ ಇಲ್ಲ. ಆಫ್ರಿಕದ ಹಲವು ದೇಶಗಳ ಕಾನೂನು ಅಪಾಯಕಾರಿ ಪ್ರಾಣಿಗಳಿಗೆ ಕನಿಷ್ಠ ಎಂದು ಒಪ್ಪುವುದು ಇದನ್ನೇ. ಆದರೆ ನಿಯಮ ದೇಶದಿಂದ ದೇಶಕ್ಕೆ, ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. ಹೋಗುವ ಜಾಗದ ಈಗಿನ ನಿಯಮವನ್ನು ಓದಿಯೇ ಹಣ ಕೊಡಿ.

ಇಲ್ಲಿ ಕೆಲವರು ಆನೆ ಬೇಟೆಗಾರ ಬೆಲ್ ಹೆಸರು ತೆಗೆಯುತ್ತಾರೆ. ಡಬ್ಲ್ಯೂ.ಡಿ.ಎಂ. ಬೆಲ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಹೊಡೆದದ್ದು, ಬಹುಪಾಲು 7 ಮಿಲಿಮೀಟರಿನ ಸಣ್ಣ ಕೋವಿಯಲ್ಲಿ ಹೊಡೆದದ್ದು ನಿಜ. ಹಾಗೆಂದು ಸಣ್ಣ ಬೋರು ಸಾಕು ಎಂದು ತಿಳಿಯಬಾರದು. ಆತ ಆನೆಯ ತಲೆಬುರುಡೆಯೊಳಗೆ ಮಿದುಳು ಎಲ್ಲಿದೆ ಎಂದು ಅಭ್ಯಾಸ ಮಾಡಿದ್ದ, ಬಡಿದಾಗ ಅರಳದ ಉದ್ದನೆಯ ಘನ ಗುಂಡು ಬಳಸುತ್ತಿದ್ದ, ತನಗೆ ಬೇಕಾದ ಕೋನ ಸಿಗುವವರೆಗೆ ಕಾಯುತ್ತಿದ್ದ. ವರ್ಷಕ್ಕೊಮ್ಮೆ ಕೋವಿ ಮುಟ್ಟುವವರು ಅನುಕರಿಸಬಹುದಾದದ್ದು ಆತನ ಅಭ್ಯಾಸವನ್ನು, ಆತನ ಬೋರನ್ನಲ್ಲ.

ಒದೆತವನ್ನು ಇಳಿಸುವ ದಾರಿಗಳಲ್ಲಿ ಮೊದಲನೆಯದು ತೂಕ. ಅದೇ ತೋಟಾ ಇರುವಾಗ 4.5 ಕಿಲೋ ಕೋವಿಯನ್ನು 3.6ಕ್ಕೆ ಇಳಿಸಿದರೆ ಒದೆತದ ಶಕ್ತಿ ಕಾಲು ಭಾಗ ಏರುತ್ತದೆ. ಹೊತ್ತು ನಡೆಯಲು ಹಗುರ ಬೇಕು ಎನ್ನುವವರಿಗೆ ಒಂದು ಮಾತು: ನಡೆಯುವುದು ಇಡೀ ದಿನ, ನಿಜ, ಆದರೆ ಅಷ್ಟು ನಡೆಯುವುದು ಆ ಒಂದು ಈಡಿಗಾಗಿ. ದೂರಬೀನಿಲ್ಲದೆ, ತೋಟಾ ತುಂಬದೆ .375ಕ್ಕೆ 4ರಿಂದ 4.3 ಕಿಲೋ, .416 ಮತ್ತು .458ಕ್ಕೆ 4.5ರಿಂದ 5 ಕಿಲೋ ತಕ್ಕದ್ದು. ಎರಡನೆಯದು ಹಿಡಿಯ, ಅಂದರೆ ಭುಜಕ್ಕೂ ಕೆನ್ನೆಗೂ ಒತ್ತುವ ಭಾಗದ, ಅಳತೆ. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಕೆನ್ನೆ ಒತ್ತಿ, ಕಣ್ಣು ತೆರೆಯಿರಿ. ಮುಂದಿನ ಗುರಿಮಣಿ ಹಿಂದಿನ ನಿಶಾನೆಯ ಕಣಿವೆಯ ನಡುವೆಯೇ ಕೂತಿರಬೇಕು, ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳಷ್ಟು ಜಾಗ ಉಳಿದಿರಬೇಕು. ಹಿಡಿಯ ಬೆನ್ನು ಹಿಂದಕ್ಕೆ ಇಳಿಜಾರಾಗಿದ್ದರೆ ಕೋವಿ ಮೇಲೆದ್ದು ಕೆನ್ನೆಗೆ ಬಡಿಯುತ್ತದೆ. ಬೆನ್ನು ನೇರವಾಗಿದ್ದರೆ ಪೆಟ್ಟು ನೆಟ್ಟಗೆ ಭುಜಕ್ಕೆ ಹೋಗುತ್ತದೆ, ತಡೆದುಕೊಳ್ಳಬಹುದು. ಹಿಂಬದಿಯ ರಬ್ಬರ್ ಅಗಲವಾಗಿ, ಮೃದುವಾಗಿ ಇರಲಿ. ನಳಿಗೆಯ ಬಾಯಿಗೆ ಮಜಲ್ ಬ್ರೇಕ್, ಅಂದರೆ ಅನಿಲವನ್ನು ಪಕ್ಕಕ್ಕೆ ಬಿಡುವ ತೂತಿನ ಕೊಳವೆ, ಹಾಕಿಸಿದರೆ ಒದೆತ ಗಣನೀಯವಾಗಿ ತಗ್ಗುತ್ತದೆ, ಆದರೆ ಆ ಸದ್ದು ಪಕ್ಕದಲ್ಲಿ ನಿಂತ ಜಾಡುಗಾರನ ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. ಬೇಟೆಯಲ್ಲಿ ಅವನು ಕಿವಿಗೆ ಏನೂ ಇಟ್ಟುಕೊಂಡಿರುವುದಿಲ್ಲ. ಅಭ್ಯಾಸಕ್ಕೆ ಬಳಸಿ, ಕಾಡಿಗೆ ಹೋಗುವಾಗ ಬಿಚ್ಚಿಡಿ. ಬಿಚ್ಚಿದ ಮೇಲೆ ಗುಂಡು ಬೀಳುವ ಜಾಗ ಬದಲಾಗಿರಬಹುದು, ಮತ್ತೆ ಹೊಡೆದು ನೋಡಿ.

ಅಭ್ಯಾಸವನ್ನು ಮೇಜಿನ ಮುಂದೆ ಕೂತು ಮಾಡಬೇಡಿ. ಕೂತಾಗ ಮೈ ಹಿಂದಕ್ಕೆ ಬಾಗಲಾಗದೆ ಇಡೀ ಒದೆತವನ್ನು ಮೂಳೆ ನುಂಗುತ್ತದೆ. ನಿಶಾನೆ ಹೊಂದಿಸಲು ಮಾತ್ರ ಕೂತು, ಎದೆ ನೆಟ್ಟಗಿಟ್ಟು, ಭುಜಕ್ಕೂ ಕೋವಿಗೂ ನಡುವೆ ಮರಳು ಚೀಲ ಇಟ್ಟು ಹೊಡೆಯಿರಿ. ಉಳಿದದ್ದೆಲ್ಲ ನಿಂತೇ. ದಿನಕ್ಕೆ ಹತ್ತು ದೊಡ್ಡ ತೋಟಾ ಸಾಕು, ಕಿವಿಗೆ ಒಳಗೊಂದು ಹೊರಗೊಂದು ರಕ್ಷಣೆ ಇರಲಿ. ಮಿಕ್ಕ ಹೊತ್ತು .22 ಬೋಲ್ಟ್ ಕೋವಿಯಲ್ಲಿ, ಇಲ್ಲವೇ ಡಮ್ಮಿ ತುಂಬಿ ಬೋಲ್ಟ್ ಎಳೆಯುವುದರಲ್ಲಿ ಕಳೆಯಲಿ.

ಬೋಲ್ಟ್ ಎಂದಾಗ ಇನ್ನೊಂದು ಸಂಗತಿಯನ್ನು ಸಾವಕಾಶವಾಗಿ ಹೇಳಬೇಕು. ಒದೆತ ತಿಂದು ಗಾಬರಿಯಲ್ಲಿರುವವರು ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆಯುವುದಿಲ್ಲ, ಅಥವಾ ಪೂರ್ತಿ ಮುಚ್ಚದೆ ಮತ್ತೆ ಎಳೆಯುತ್ತಾರೆ. ಪೂರ್ತಿ ಎಳೆಯದಿದ್ದರೆ ಮ್ಯಾಗಜೀನಿನ, ಅಂದರೆ ಕೋವಿಯೊಳಗಿನ ತೋಟಾ ಪೆಟ್ಟಿಗೆಯ, ತೋಟಾ ಮೇಲೆ ಬರುವುದೇ ಇಲ್ಲ, ಬೋಲ್ಟ್ ಖಾಲಿ ಚೇಂಬರಿನ (ತೋಟಾ ಕೂರುವ ನಳಿಗೆಯ ಹಿಂತುದಿಯ) ಮೇಲೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಯಾವ ಯಂತ್ರದಲ್ಲೂ ಮದ್ದಿಲ್ಲ, ಕೈಯೇ ಪಳಗಬೇಕು. ಎರಡನೆಯ ತಪ್ಪಿಗೆ ಮಾತ್ರ ಯಂತ್ರದಲ್ಲಿ ಪರಿಹಾರ ಇದೆ. 1898ರ ಮೌಸರ್ ಬಗೆಯ ಕೋವಿಯಲ್ಲಿ ಬೋಲ್ಟಿನ ಪಕ್ಕಕ್ಕೆ ಉದ್ದನೆಯ ಕೊಕ್ಕೆ ಇರುತ್ತದೆ. ಮ್ಯಾಗಜೀನಿನಿಂದ ಏಳುತ್ತಿದ್ದಂತೆಯೇ ತೋಟಾದ ಅಂಚು ಆ ಕೊಕ್ಕೆಯ ಕೆಳಗೆ ಜಾರಿ ಕೂರುತ್ತದೆ. ಅರ್ಧದಲ್ಲಿ ಹಿಂದಕ್ಕೆಳೆದರೂ ತೋಟಾ ಕೊಕ್ಕೆಯ ಹಿಡಿತದಲ್ಲೇ ಹಿಂದೆ ಬರುತ್ತದೆ. ಪುಶ್ ಫೀಡ್ ಬಗೆಯಲ್ಲಿ ಬೋಲ್ಟ್ ತೋಟಾವನ್ನು ಮುಂದಕ್ಕೆ ತಳ್ಳುತ್ತದೆ ಅಷ್ಟೇ, ಕೊಕ್ಕೆ ಹಿಡಿಯುವುದು ಪೂರ್ತಿ ಮುಚ್ಚಿದಾಗ. ಅರ್ಧದಲ್ಲಿ ಎಳೆದರೆ ಮೊದಲ ತೋಟಾ ಚೇಂಬರಿನಲ್ಲೇ ಉಳಿಯುತ್ತದೆ, ಮುಂದಿನದು ಬಂದು ಅದರ ಬೆನ್ನಿಗೆ ಗುದ್ದಿ ಸಿಕ್ಕಿಕೊಳ್ಳುತ್ತದೆ. ಪುಶ್ ಫೀಡ್ ಕೋವಿಗಳು ಕೆಟ್ಟವಲ್ಲ, ಜಿಂಕೆಯ ಬೇಟೆಗೆ ಅವು ನಿಖರ, ಗಟ್ಟಿ. ತಿರುಗಿಬೀಳುವ ಪ್ರಾಣಿಗೆ ಕೊಕ್ಕೆಯದೇ ವಾಸಿ. ವಿಂಚೆಸ್ಟರ್ ಮಾಡೆಲ್ 70 ಹಳೆಯದು ಸಿಕ್ಕರೆ 1964ಕ್ಕೆ ಮುಂಚಿನದೋ ನಂತರದ್ದೋ ನೋಡಿಕೊಳ್ಳಿ, ಆ ವರ್ಷ ಅದನ್ನು ಪುಶ್ ಫೀಡ್‌ಗೆ ಬದಲಾಯಿಸಲಾಯಿತು. ಕೊಕ್ಕೆಯ ಕೋವಿಯಲ್ಲಿ ತೋಟಾವನ್ನು ನೇರ ಚೇಂಬರಿಗೆ ಹಾಕಿ ಬೋಲ್ಟ್ ಒತ್ತಬಾರದು, ಹಲವು ಕೋವಿಗಳಲ್ಲಿ ಕೊಕ್ಕೆಯ ಹಲ್ಲು ಮುರಿಯಬಹುದು. ಮ್ಯಾಗಜೀನ್ ಮೂಲಕವೇ ತುಂಬಿ.

ಒದೆತ ಕೋವಿಯನ್ನೂ ಬಿಡುವುದಿಲ್ಲ. ಕೋವಿ ಹಿಂದಕ್ಕೆ ಚಿಮ್ಮಿದಾಗ ಮ್ಯಾಗಜೀನಿನ ತೋಟಾಗಳು ಇದ್ದಲ್ಲೇ ಇರಲು ನೋಡುತ್ತವೆ, ಪೆಟ್ಟಿಗೆಯ ಮುಂಗೋಡೆ ಬಂದು ಗುಂಡಿನ ಮೂತಿಗೆ ಬಡಿಯುತ್ತದೆ. ಮೆದು ಮೂತಿ ಚಪ್ಪಟೆಯಾಗುತ್ತದೆ. ತೋಟಾದ ಲೋಹದ ಕೊಳವೆಯ ಕಂಠವನ್ನು ಗುಂಡಿನ ಸುತ್ತ ಬಿಗಿಯಾಗಿ ಮಡಚಿರದಿದ್ದರೆ ಗುಂಡು ಕೊಳವೆಯೊಳಗೆ ಹೂತುಹೋಗುತ್ತದೆ. ಮೂರು ಈಡಾದ ಮೇಲೆ ತಳದ ತೋಟಾ ತೆಗೆದು ಹೊಸದರ ಪಕ್ಕದಲ್ಲಿಟ್ಟು ಉದ್ದ ಹೋಲಿಸಿ. ಮ್ಯಾಗಜೀನಿನ ತಳದ ಬಾಗಿಲಿನ ಚಿಲಕ ಸಡಿಲವಿದ್ದರೆ ಮೊದಲ ಈಡಿಗೇ ಬಾಗಿಲು ತೆರೆದು ಉಳಿದ ತೋಟಾಗಳು ಹುಲ್ಲಿನಲ್ಲಿ ಬೀಳುತ್ತವೆ. ಮರದ ಹಿಡಿ ಸೀಳುವುದು ಬೋಲ್ಟಿನ ಹಿಂದಿನ ಲೋಹದ ಬಾಲದ ಬಳಿ. ಆ ಬಾಲಕ್ಕೂ ಮರಕ್ಕೂ ನಡುವೆ ದಪ್ಪ ಕಾಗದವೊಂದು ಸಲೀಸಾಗಿ ಸರಿಯುವಷ್ಟು ಸಂದು ಇರಬೇಕು, ಇಲ್ಲದಿದ್ದರೆ ಅದು ಬೆಣೆಯಂತೆ ಒಳನುಗ್ಗುತ್ತದೆ. .416 ಮತ್ತು ಮೇಲಿನವಕ್ಕೆ ಮರದ ಅಡ್ಡಕ್ಕೆ ಎರಡು ಉಕ್ಕಿನ ಬೋಲ್ಟ್, ನಳಿಗೆಯ ಕೆಳಗೆ ಒದೆತವನ್ನು ಮರಕ್ಕೆ ಹಂಚುವ ಎರಡನೇ ತಡೆಗಟ್ಟೆ ಇರುವುದನ್ನು ಕೊಳ್ಳಿ. ಪಟ್ಟಿ ಕಟ್ಟುವ ಮುಂದಿನ ಬಳೆ ಮರದಲ್ಲಿ ಇರಬಾರದು, ನಳಿಗೆಗೆ ಕೂರಿಸಿರಬೇಕು. ಮರದಲ್ಲಿದ್ದರೆ ಒದೆತದಲ್ಲಿ ಅದು ಹಿಂದೆ ಬಂದು ಎಡಗೈ ಬೆರಳನ್ನು ಸೀಳುತ್ತದೆ.

ಬೋರುಗಳ ನಡುವೆ ಆರಿಸುವಾಗ ಗುಂಡಿನ ಶಕ್ತಿಗಿಂತ ತೋಟಾದ ಆಕಾರ ಕೋವಿಯ ಗಾತ್ರವನ್ನು ನಿರ್ಧರಿಸುತ್ತದೆ ಎಂಬುದು ನೆನಪಿರಲಿ. 1912ರ .375 ಎಚ್ ಅಂಡ್ ಎಚ್ ಉದ್ದ ತೋಟಾ, ಅದಕ್ಕೆ ಉದ್ದ ಆಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ಬೇಕು. ಆದರೆ ಇಳಿಜಾರಾದ ಅದರ ಮೈ ಚೇಂಬರಿಗೆ ನುಣುಪಾಗಿ ಜಾರುತ್ತದೆ. 1911ರ .416 ರಿಗ್ಬಿಯ ತೋಟಾ ದಪ್ಪ, ಒತ್ತಡ ಕಡಿಮೆ, ಬಿಸಿಲ ನಾಡಿನಲ್ಲಿ ಖಾಲಿ ಕೊಳವೆ ಸಿಕ್ಕಿಕೊಳ್ಳದಿರಲು ಅದು ಒಳ್ಳೆಯದು. ಬದಲಿಗೆ ಕೋವಿ ದೊಡ್ಡದು, ದುಬಾರಿ. .416 ರೆಮಿಂಗ್ಟನ್ ಅದೇ ಕೆಲಸವನ್ನು ಹೆಚ್ಚು ಒತ್ತಡದಲ್ಲಿ, ಸಪೂರ ತೋಟಾದಲ್ಲಿ ಮಾಡುತ್ತದೆ. 1956ರ .458 ವಿಂಚೆಸ್ಟರ್ ಸಾಧಾರಣ ಉದ್ದದ ಆಕ್ಷನ್‌ಗೆ ಹಿಡಿಸಲೆಂದು ಗಿಡ್ಡ ಮಾಡಿದ್ದು. ಒಳಗೆ ಜಾಗ ಸಾಲದೆ ಮದ್ದನ್ನು ಅದುಮಿ ತುಂಬಬೇಕಾಯಿತು, ಹಳೆಯ ತೋಟಾಗಳಲ್ಲಿ ಅದು ಗಡ್ಡೆಕಟ್ಟಿ ವೇಗ ಕುಸಿದದ್ದುಂಟು. ಇಂದಿನ ಮದ್ದಿನಲ್ಲಿ ಆ ತೊಂದರೆ ಬಹಳ ಮಟ್ಟಿಗೆ ಹೋಗಿದೆ. 1959ರಲ್ಲಿ ಮೊಜಾಂಬಿಕ್‌ನಲ್ಲಿ ಕಾಡೆಮ್ಮೆಯಿಂದ ತಿವಿಸಿಕೊಂಡ ಅಮೆರಿಕದ ಬೇಟೆಗಾರ ಜ್ಯಾಕ್ ಲಾಟ್ ಇದೇ ಕೊರತೆ ನೀಗಿಸಲು ಉದ್ದ ಕೊಳವೆಯ .458 ಲಾಟ್ ರೂಪಿಸಿದ. ಲಾಟ್ ಚೇಂಬರಿನಲ್ಲಿ .458 ವಿಂಚೆಸ್ಟರ್ ತೋಟಾವನ್ನೂ ಹೊಡೆಯಬಹುದು, ಆದ್ದರಿಂದ ಲಾಟ್‌ಗೆ ಮನಸೋತವರು ಅದರಲ್ಲೇ ಕಡಿಮೆ ಒದೆತದ ಆ ತೋಟಾದಿಂದ ಅಭ್ಯಾಸ ಶುರುಮಾಡಬಹುದು.

ದೂರಬೀನು 1ರಿಂದ 4 ಅಥವಾ 1ರಿಂದ 6 ಪಟ್ಟಿನದು ಸಾಕು. ಕಣ್ಣಿಗೂ ಗಾಜಿಗೂ ನಡುವೆ 9ರಿಂದ 10 ಸೆಂಟಿಮೀಟರ್ ಅಂತರ ಉಳಿಯದಿದ್ದರೆ ಹುಬ್ಬು ಹರಿಯುತ್ತದೆ. ಬೆರಳಲ್ಲೇ ಬಿಚ್ಚುವ ಬಳೆ ಇರಲಿ, ಕೆಳಗೆ ಕಬ್ಬಿಣದ ಗುರಿಮಣಿಯೂ ಇರಲಿ.

ಹಣ ಕೊಡುವ ಮುಂಚೆ ಅಂಗಡಿಯಲ್ಲೇ ಇದೊಂದನ್ನು ಮಾಡಿ. ಬೇಟೆಗೆ ಬಳಸಲಿರುವ ಗುಂಡಿನ ಮೂತಿಯ ಆಕಾರವೇ ಇರುವ, ಮದ್ದೂ ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರೂ ಇಲ್ಲದ ಡಮ್ಮಿ ತೋಟಾಗಳನ್ನು ಮ್ಯಾಗಜೀನ್ ತುಂಬ ಹಾಕಿ. ಮೊದಲು ನಿಧಾನವಾಗಿ, ಆಮೇಲೆ ಬಿರುಸಾಗಿ, ಆಮೇಲೆ ಕೋವಿಯನ್ನು ಮಗ್ಗುಲಾಗಿಸಿ, ಕೊನೆಗೆ ತಲೆಕೆಳಗಾಗಿ ಹಿಡಿದು ಬೋಲ್ಟ್ ಆಡಿಸಿ. ಮೆದು ಮೂತಿಯ ಗುಂಡಿನಲ್ಲಿ ಸಲೀಸಾಗಿ ನಡೆದದ್ದು ಚಪ್ಪಟೆ ಮೂತಿಯ ಘನ ಗುಂಡಿನಲ್ಲಿ, ತೋಟಾ ಚೇಂಬರಿಗೆ ಜಾರುವ ಇಳಿದಾರಿಯ ಅಂಚಿಗೆ ತಗುಲಿ ನಿಲ್ಲಬಹುದು, ಎರಡನ್ನೂ ನೋಡಿ. ಐವತ್ತು ಸಲದಲ್ಲಿ ಒಂದು ಸಲ ತಡೆದರೂ, "ಬಳಸುತ್ತಾ ಸರಿಹೋಗುತ್ತದೆ" ಎಂಬ ಮಾತಿಗೆ ಒಪ್ಪಬೇಡಿ. ಮ್ಯಾಗಜೀನಿನ ತುಟಿಯನ್ನೂ ಇಳಿದಾರಿಯನ್ನೂ ಅರಿತ ಕೋವಿ ಕಮ್ಮಾರನಿಂದ ತಿದ್ದಿಸಿ, ಮತ್ತೆ ಐವತ್ತು ಸಲ ಆಡಿಸಿ ನೋಡಿದ ಮೇಲೆ ಕೊಳ್ಳಿ.