ಲ್ಯಾಟಿಟ್ಯೂಡ್, ಲ್ಯಾಟಿನ್, ಲ್ಯಾಟರೈಟ್: ಇವು ಅಣ್ಣತಮ್ಮಂದಿರೇ?

ಪ್ರಶ್ನೆ: ಮಗಳ ಭೂಗೋಳದ ಪಾಠದಲ್ಲಿ ಲ್ಯಾಟಿಟ್ಯೂಡ್ ಬಂತು. ಲ್ಯಾಟಿನ್, ನಮ್ಮ ಕಡೆಯ ಲ್ಯಾಟರೈಟ್ ಕಲ್ಲು, ಇವೆಲ್ಲ ಒಂದೇ ಬೇರಿನ ಶಬ್ದಗಳೇ? – ಶಿರಸಿಯ ಓದುಗರೊಬ್ಬರು

ಉತ್ತರ: ಲ್ಯಾಟರೈಟ್ ಅಂತೂ ಅಲ್ಲ, ಕೇಳಲಿಕ್ಕೆ ಮಾತ್ರ ಹಾಗೆ. ಲ್ಯಾಟಿನ್ ವಿಷಯದಲ್ಲಿ ಪಂಡಿತರಿಗೇ ಒಮ್ಮತವಿಲ್ಲ.

ಲ್ಯಾಟಿಟ್ಯೂಡ್ ಬಂದದ್ದು ಲ್ಯಾಟಿನ್ನಿನ 'ಲಾಟುಸ್' ಎಂಬುದರಿಂದ, ಅಗಲವಾದದ್ದು ಎಂದರ್ಥ. ಲಾಂಜಿಟ್ಯೂಡಿನಲ್ಲಿ ಇರುವುದು ಉದ್ದ. ದುಂಡಗಿನ ಭೂಮಿಗೆ ಎಲ್ಲಿಯ ಉದ್ದ, ಎಲ್ಲಿಯ ಅಗಲ ಅನ್ನಿಸುವುದು ಸಹಜ. ಹಳೆಯ ಗ್ರೀಕರಿಗೆ, ರೋಮನ್ನರಿಗೆ ಚೆನ್ನಾಗಿ ಗೊತ್ತಿದ್ದದ್ದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು. ಅದು ಪೂರ್ವ-ಪಶ್ಚಿಮಕ್ಕೆ ಉದ್ದ, ಉತ್ತರ-ದಕ್ಷಿಣಕ್ಕೆ ಕಿರಿದು. ಹಾಗಾಗಿ ಉತ್ತರ-ದಕ್ಷಿಣದ ಅಳತೆ 'ಅಗಲ'ವಾಯಿತು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರು ಹೆಸರಿಟ್ಟಿದ್ದರೆ ಲೆಕ್ಕ ಉಲ್ಟಾ ಆಗುತ್ತಿತ್ತು!

ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತ ಬೋಟಿನ ಜಿಪಿಎಸ್ಸಿನಲ್ಲಿ ಸುಮಾರು 14 ಡಿಗ್ರಿ 48 ಮಿನಿಟ್ ಉತ್ತರ ಎಂದು ಕಾಣುವುದು ಇದೇ ಅಳತೆ. ಒಂದು ಮಿನಿಟ್ (ಇಲ್ಲಿ ಡಿಗ್ರಿಯ ಅರವತ್ತರಲ್ಲೊಂದು ಪಾಲು) ಅಂದರೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲು, 1852 ಮೀಟರ್. ಬೋಟಿನವರಿಗೆ ದೂರದ ಲೆಕ್ಕ ಅಲ್ಲೇ ಸಿಕ್ಕಿತು.

ಇದಕ್ಕೆ ಕನ್ನಡದಲ್ಲಿ ಅಕ್ಷಾಂಶ ಅನ್ನುತ್ತೇವೆ. ಅಕ್ಷ ಅಂದರೆ ಅಚ್ಚು. ಭೂಮಿಯ ಅಚ್ಚು ಬೊಟ್ಟು ಮಾಡುವ ಕಡೆಗೇ ಧ್ರುವನಕ್ಷತ್ರವಿದೆ. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹತ್ತಿರಹತ್ತಿರ ಅಷ್ಟೇ ಆ ಊರಿನ ಅಕ್ಷಾಂಶ. ಶಿರಸಿಯಲ್ಲೂ ಕಾರವಾರದಲ್ಲೂ 15ರ ಆಸುಪಾಸು. ಕೈ ನೀಡಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ, ಅಂದರೆ ಒಂದೂವರೆ ಮುಷ್ಟಿ ಎತ್ತರ. ಉತ್ತರಕ್ಕೆ ಗುಡ್ಡ, ಅಡಿಕೆಮರ ಅಡ್ಡ ಇರದ ಬಯಲಿಗೆ ಮಗಳನ್ನು ಕರೆದೊಯ್ದು ತೋರಿಸಿ. ನನ್ನ ಮಟ್ಟಿಗೆ 'ಅಗಲ'ಕ್ಕಿಂತ ಈ ಹೆಸರೇ ವಾಸಿ.

ಲ್ಯಾಟಿನ್ ಎಂಬುದು ಊರಿನಿಂದ ಬಂದ ಹೆಸರು: ರೋಮಿನ ಸುತ್ತಲಿನ ಲಾಟಿಯಂ ಸೀಮೆಯವರ ಮಾತು. ಆ ಲಾಟಿಯಂ ಅಗಲದ ಬಯಲಿನಿಂದಲೇ ಬಂತು ಅನ್ನುವ ಪಂಡಿತರಿದ್ದಾರೆ, ಒಪ್ಪದವರೂ ಇದ್ದಾರೆ. ಸ್ಯಾಟರ್ನ್ ದೇವರು ಅಡಗಿ ಕೂತ ಜಾಗವಾದ್ದರಿಂದ ಆ ಹೆಸರು ಎಂಬುದು ರೋಮನ್ನರ ಕಥೆ.

ಇನ್ನು ಲ್ಯಾಟರೈಟ್, ನಮ್ಮ ಚಿರೇಕಲ್ಲು. ಇದು ಬೇರೆಯೇ ಮನೆತನ: ಲ್ಯಾಟಿನ್ನಿನಲ್ಲಿ 'ಲಾಟೆರ್' ಅಂದರೆ ಇಟ್ಟಿಗೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸಕಥನದಲ್ಲಿ ಈ ಹೆಸರು ಕೊಟ್ಟ. ಮಲಬಾರಿನ ಅಂಗಡಿಪುರಂ ಹತ್ತಿರ, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಜನ ಇಟ್ಟಿಗೆಯ ಆಕಾರಕ್ಕೆ ಕಡಿದು ಗೋಡೆ ಕಟ್ಟುವುದನ್ನು ಆತ ಕಂಡಿದ್ದ.